ಪಾಶ್ಚಾತ್ಯ ಪ್ರಭಾವವೂ ವಚನದ ಸ್ಥಾನವೂ: ಕರಾವಳಿಯ ಕನ್ನಡವನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಉಡುಪಿಯಿಂದ ಕುಂದಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಂತೆಕಟ್ಟೆ ಎಂಬ ಪೇಟೆಯಿದೆ. ಅದರ ಮಗ್ಗುಲಿಗೇ ಸುವರ್ಣಾ ನದಿಯ ತಡಿಯ ಕಲ್ಯಾಣಪುರ. ಹದಿನೇಳನೆಯ ಶತಮಾನದಲ್ಲಿ ಈ ತೀರವೆಲ್ಲ ಕೆಳದಿಯ ವೀರಶೈವ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ಕೆಳದಿಯ ಚೆನ್ನಮ್ಮಾಜಿ ಪಟ್ಟದಲ್ಲಿದ್ದ ಕಾಲದಲ್ಲಿಯೇ, 1678ರಲ್ಲಿ, ಕಲ್ಯಾಣಪುರದಲ್ಲಿ ಮಿಲಾಗ್ರಿಸ್ ಇಗರ್ಜಿಯೂ ತಲೆಯೆತ್ತಿತು. ಹೀಗೆ ಪಶ್ಚಿಮದ ಗಾಳಿ ಈ ಊರುಗಳಿಗೆ ಹೊಸದಲ್ಲ. ಸಂತೆಕಟ್ಟೆಯನ್ನು ನಡುವೆ ಇಟ್ಟು ನೋಡಿದರೆ ಉತ್ತರಕ್ಕೆ ಗೋಪಾಲಕೃಷ್ಣ ಅಡಿಗರ ಮೊಗೇರಿ, ದಕ್ಷಿಣಕ್ಕೆ ಗೋವಿಂದ ಪೈಗಳ ಮಂಜೇಶ್ವರ, ಕಾರ್ಕಳದ ದಾರಿಯಲ್ಲಿ ಮುದ್ದಣನ ನಂದಳಿಕೆ. ಆಧುನಿಕ ಕನ್ನಡದ ಮೂರು ದೊಡ್ಡ ತಿರುವುಗಳಿಗೆ ಸಂಬಂಧಪಟ್ಟ ಈ ಮೂರು ಊರುಗಳನ್ನೂ ಒಂದು ಹಗಲಿನ ಬಸ್ಸಿನ ಪ್ರಯಾಣದಲ್ಲಿ ನೋಡಿ ಬರಬಹುದು.

ಈ ತಿರುವುಗಳನ್ನು ಕುರಿತು ಮಾತು ಬಂದಾಗಲೆಲ್ಲ ಎರಡು ಹೇಳಿಕೆಗಳು ಕೇಳಿಬರುತ್ತವೆ. ಮುಕ್ತಛಂದಸ್ಸನ್ನು ಪಶ್ಚಿಮದಿಂದ ಕಡ ತರಬೇಕಾದ ಅಗತ್ಯವಿರಲಿಲ್ಲ, ಹನ್ನೆರಡನೆಯ ಶತಮಾನದ ಶಿವಶರಣರು ಅದನ್ನು ಆಗಲೇ ಬರೆದಿಟ್ಟಿದ್ದರು ಎಂಬುದು ಒಂದು. ವಚನವು ಸಾಹಿತ್ಯವೆಂಬ ಮನ್ನಣೆ ಪಡೆದುದೇ ಇಂಗ್ಲಿಷ್ ಓದಿದವರ ಕಣ್ಣಿಗೆ ಬಿದ್ದ ಮೇಲೆ ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿ ಭಕ್ತರು ಹಿಗ್ಗುತ್ತಾರೆ. ಎರಡನೆಯದನ್ನು ಸಾಹಿತ್ಯದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ, ಬಹಳಷ್ಟು ಅವಸರವಿದೆ. ಇದನ್ನು ಬಿಡಿಸಿ ನೋಡಲು ಕನ್ನಡವೊಂದನ್ನೇ ನೋಡಿದರೆ ಸಾಲದು. ಇದೇ ಬಗೆಯ ಸಂದಿಗ್ಧಕ್ಕೆ ಸಿಕ್ಕಿದ ಬೇರೆ ಪ್ರಾಚೀನ ಸಾಹಿತ್ಯಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಅರಬ್ಬೀ ಮತ್ತು ಪಾರಸೀ ಸಾಹಿತ್ಯಗಳು ಇದಕ್ಕೆ ಬಹು ಒಳ್ಳೆಯ ಕನ್ನಡಿಗಳು. ಅವುಗಳಿಗೂ ಸಾವಿರ ವರ್ಷಗಳ ಛಂದಶ್ಶಾಸ್ತ್ರವಿದೆ, ಅನುಭಾವಿಗಳ ದೊಡ್ಡ ಪರಂಪರೆಯಿದೆ, ಪಶ್ಚಿಮದ ಸಂಪರ್ಕವೂ ಹೆಚ್ಚುಕಡಿಮೆ ನಮ್ಮ ಕಾಲದಲ್ಲಿಯೇ ಒದಗಿದೆ.

ಕಾಲದ ಹೊಂದಾಣಿಕೆ ಆಶ್ಚರ್ಯಕರವಾಗಿದೆ. ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದುದು 1834ರಲ್ಲಿ. ಅದೇ ವರ್ಷ ಅಮೆರಿಕದ ಮಿಶನ್ನಿನವರು ಮಾಲ್ಟಾ ದ್ವೀಪದಲ್ಲಿದ್ದ ತಮ್ಮ ಅರಬ್ಬೀ ಮುದ್ರಣಾಲಯವನ್ನು ಬೈರೂತ್ ನಗರಕ್ಕೆ ಸಾಗಿಸಿದರು. 1826ರಿಂದ 1831ರವರೆಗೆ ಪ್ಯಾರಿಸ್ಸಿನಲ್ಲಿದ್ದ ಈಜಿಪ್ತಿನ ವಿದ್ವಾಂಸ ರಿಫಾ ಅಲ್ ತಹ್ತಾವಿ ಅಲ್ಲಿ ಕಂಡುದನ್ನು ಕುರಿತು ಬರೆದ ಅರಬ್ಬೀ ಗ್ರಂಥ ಅಚ್ಚಾದುದೂ 1834ರಲ್ಲಿಯೇ. ಬೈರೂತಿನ ಮುದ್ರಣಾಲಯದಿಂದ 1865ರಲ್ಲಿ ಇಡೀ ಬೈಬಲ್ಲು ಅರಬ್ಬಿಯಲ್ಲಿ ಹೊರಬಂದು ಅಲ್ಲಿಯ ಗದ್ಯಕ್ಕೆ ಒಂದು ಹೊಸ ನಡೆಯನ್ನು ಕೊಟ್ಟಿತು. ಕನ್ನಡದ ಬೈಬಲ್ಲು ಅದಕ್ಕೂ ಮೊದಲೇ, 1831ರಲ್ಲಿ, ಬಳ್ಳಾರಿಯಲ್ಲಿ ಪೂರ್ಣಗೊಂಡಿತ್ತು. ಎರಡೂ ಕಡೆ ಮೊದಲು ಬಂದುದು ಪಶ್ಚಿಮದ ಕಾವ್ಯವಲ್ಲ; ಅಚ್ಚಿನ ಮೊಳೆ, ಶಾಲೆ, ಪತ್ರಿಕೆ ಮತ್ತು ಗದ್ಯ. ಪಾರಸಿಯಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ತೆಹರಾನಿನಲ್ಲಿ 1851ರಲ್ಲಿ ತೆರೆದ ದಾರುಲ್ ಫುನೂನ್ ಎಂಬ ವಿದ್ಯಾಲಯವೂ ಅದರ ಸುತ್ತ ಬೆಳೆದ ಫ್ರೆಂಚ್ ಅನುವಾದಗಳೂ ಮಾಡಿದವು.

ಮಂಗಳೂರಿನಲ್ಲಿ 1841ರಲ್ಲಿ ಕಲ್ಲಚ್ಚಿನ ಮುದ್ರಣ ಆರಂಭವಾಯಿತು. 1843ರ ಜುಲೈ ತಿಂಗಳಲ್ಲಿ ಹರ್ಮನ್ ಮೋಗ್ಲಿಂಗನ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು. ಇದು ಎಲ್ಲರೂ ಬಲ್ಲ ಸಂಗತಿ. ವೀರಶೈವ ಸಾಹಿತ್ಯಕ್ಕೆ ಸಂಬಂಧಿಸಿದಂತೆ ನೆನೆಯಬೇಕಾದುದು ಮುಂದಿನದು. 1848ರಿಂದ ಮೋಗ್ಲಿಂಗನು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಅಚ್ಚು ಹಾಕಿಸತೊಡಗಿದನು. ಜೈಮಿನಿ ಭಾರತ, ದಾಸರ ಪದಗಳು ಇವುಗಳ ಜೊತೆಯಲ್ಲಿ ಭೀಮಕವಿಯ ಬಸವಪುರಾಣವೂ ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣವೂ ಆ ಮಾಲೆಯಲ್ಲಿ ಬೆಳಕು ಕಂಡವು. ಮುಂದೆ ಅದೇ ಮಿಶನ್ನಿನ ವೂರ್ತ್ ಪಾದ್ರಿಯು 1860ರ ದಶಕದಲ್ಲಿ ಈ ಎರಡು ಪುರಾಣಗಳ ಇಂಗ್ಲಿಷ್ ರೂಪವನ್ನು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಅವರ ಉದ್ದೇಶ ಮತಪ್ರಚಾರ ಎಂಬುದರಲ್ಲಿ ಸಂದೇಹವಿಲ್ಲ. ಯಾರನ್ನು ಒಲಿಸಿಕೊಳ್ಳಬೇಕೋ ಅವರ ಗ್ರಂಥಗಳನ್ನು ತಿಳಿಯಬೇಕೆಂಬುದು ಅವರ ಎಣಿಕೆ. ಆದರೆ ಓಲೆಗಟ್ಟಿನಲ್ಲಿ ಹುಳಕ್ಕೆ ತುತ್ತಾಗುತ್ತಿದ್ದ ಗ್ರಂಥಗಳು ಅಚ್ಚಾಗಿ ಉಳಿದುವೆಂಬುದೂ ಅಷ್ಟೇ ನಿಜ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅವರು ಆರಿಸಿಕೊಂಡುದು ಪುರಾಣಗಳನ್ನು, ವಚನಗಳನ್ನಲ್ಲ. ಐರೋಪ್ಯ ವಿದ್ವಾಂಸನ ಕಣ್ಣಿಗೆ ಸಾಹಿತ್ಯವೆಂದರೆ ಕಥೆಯುಳ್ಳ, ಛಂದಸ್ಸುಳ್ಳ, ಕವಿಯ ಹೆಸರುಳ್ಳ ದೊಡ್ಡ ಕೃತಿ. 1868ರಲ್ಲಿ ವೂರ್ತನೇ ಶಾಲೆಗಳಿಗಾಗಿ ‘ಪ್ರಾಕ್ಕಾವ್ಯಮಾಲಿಕೆ’ ಎಂಬ ಸಂಕಲನವನ್ನು ಸಿದ್ಧಪಡಿಸಿದನು. ಹಳೆಯ ಕಾವ್ಯಗಳಿಂದ ಒಳ್ಳೆಯ ಭಾಗಗಳನ್ನು ಆಯ್ದು ಪೋಣಿಸುವ ಈ ಕ್ರಮ ಆಗ ಸಣ್ಣ ಸಂಗತಿಯಂತೆ ತೋರಿರಬೇಕು. ವಚನಗಳ ಪಾಲಿಗೆ ಅದು ಮುಂದೆ ಎಷ್ಟು ದೊಡ್ಡ ಸಂಗತಿಯಾಯಿತೆಂಬುದನ್ನು ಕೊನೆಯಲ್ಲಿ ನೋಡಬಹುದು. 1875ರಲ್ಲಿ ಕಿಟ್ಟೆಲ್ ನಾಗವರ್ಮನ ಛಂದೋಂಬುಧಿಯನ್ನು ಮಂಗಳೂರಿನಲ್ಲಿ ಅಚ್ಚು ಮಾಡಿಸಿದನು. 1894ರಲ್ಲಿ ಅವನ ಮಹಾನಿಘಂಟು ಬಂದಿತು.

ಗದ್ಯದ ಕಡೆಗೆ ತಿರುಗಿದರೆ ನಂದಳಿಕೆಯ ಲಕ್ಷ್ಮೀನಾರಣಪ್ಪನು ಎದುರು ನಿಲ್ಲುತ್ತಾನೆ. 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯದಿಂದ ತೀರಿಕೊಂಡ ಈ ಬಡ ವ್ಯಾಯಾಮಶಿಕ್ಷಕನು ಮುದ್ದಣನೆಂಬ ಹೆಸರಿನಿಂದ ರಾಮಾಶ್ವಮೇಧವನ್ನು ಹಳಗನ್ನಡದ ಗದ್ಯದಲ್ಲಿ ಬರೆದು, ತನ್ನದೆಂದು ಹೇಳಿಕೊಳ್ಳದೆ, ಪ್ರಾಚೀನ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದನು. ಕಥೆಯನ್ನು ಹೇಳುವ ಗಂಡನನ್ನು ಮನೋರಮೆ ನಡುನಡುವೆ ತಡೆದು, ಪದ್ಯ ಬೇಡ, ಗದ್ಯವೇ ಇರಲಿ ಎಂದು ಕೇಳುವ ಸಲ್ಲಾಪವನ್ನು ಅರಿಯದ ಕನ್ನಡ ವಿದ್ಯಾರ್ಥಿಯಿಲ್ಲ. ಇದನ್ನು ಪಾಶ್ಚಾತ್ಯ ಪ್ರಭಾವವೆನ್ನಬಹುದೆ? ನೇರವಾಗಿ ಅಲ್ಲ. ಆದರೆ ಮನೋರಮೆಯ ರುಚಿ ಶಾಲೆ ಮತ್ತು ಪತ್ರಿಕೆಗಳು ಬೆಳೆಸಿದ ಹೊಸ ಓದುಗರ ರುಚಿ. ಹೊಸದನ್ನು ಹೇಳಲು ಹಳೆಯ ವೇಷ ಬೇಕಾದ ಕಾಲವದು. ಅದೇ 1899ರಲ್ಲಿ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ವಿಧವೆಯೊಬ್ಬಳು ವಿದ್ಯೆ ಕಲಿತು ಮರುಮದುವೆಯಾಗುವ ಈ ಕಥೆ ಯಾವ ವೇಷವನ್ನೂ ತೊಡಲಿಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾಯಿತು. ಅರಬ್ಬಿಯಲ್ಲಿ ಹೈಕಲ್ ಬರೆದ ‘ಜೈನಬ್’ ಹೊರಬಂದುದು 1913ರಲ್ಲಿ, ಪಾರಸಿಯಲ್ಲಿ ಜಮಾಲ್‌ಜಾದೆಯ ಕಥಾಸಂಗ್ರಹ ಬರ್ಲಿನ್ನಿನಲ್ಲಿ ಅಚ್ಚಾದುದು 1921ರಲ್ಲಿ. ಪಾರಸಿಯ ಇನ್ನೊಂದು ಹೆಸರಾಂತ ಕಾದಂಬರಿ, ಸಾದಿಕ್ ಹೆದಾಯತನ ‘ಬೂಫೆ ಕೂರ್’, ಮೊದಲು ಬೆಳಕು ಕಂಡುದು ನಮ್ಮ ಮುಂಬಯಿಯಲ್ಲಿ, 1936–37ರ ಸುಮಾರಿಗೆ, ಕೆಲವೇ ಪ್ರತಿಗಳಲ್ಲಿ. ತನ್ನ ನಾಡಿನಲ್ಲಿ ಪ್ರಕಟಿಸುವ ಧೈರ್ಯವಿಲ್ಲದ ಕೃತಿಗೆ ನಮ್ಮ ಪಶ್ಚಿಮ ತೀರ ಆಶ್ರಯ ಕೊಟ್ಟಿತೆಂಬುದು ಸಂತೋಷದ ಮಾತು.

ಪದ್ಯದ ವಿಷಯ ಹೆಚ್ಚು ಸೂಕ್ಷ್ಮವಾದುದು. ಮಂಜೇಶ್ವರ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ತ್ಯಜಿಸಿ ಬರೆಯತೊಡಗಿದರು. ಇಂದಿನವರಿಗೆ ಇದು ಲೆಕ್ಕಕ್ಕೆ ಬಾರದ ವಿಷಯವೆಂದು ತೋರಬಹುದು. ಆದರೆ ಸಾವಿರ ವರ್ಷ ಕನ್ನಡ ಪದ್ಯವೆಂದರೆ ಪ್ರತಿಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬುದು ಕಟ್ಟಳೆಯಾಗಿತ್ತು. ಅದನ್ನು ಬಿಟ್ಟವನು ಕವಿಯೇ ಅಲ್ಲವೆಂದು ಪಂಡಿತರು ಜರೆದರು. ಪೈಗಳು ಪ್ರಾಸವನ್ನು ಬಿಟ್ಟರೇ ಹೊರತು ಲಯವನ್ನು ಬಿಡಲಿಲ್ಲ. ಮಾತ್ರಾಗಣಗಳ ನಡೆ ಹಾಗೆಯೇ ಉಳಿಯಿತು. ಕಿಟ್ಟೆಲ್ ಛಂದೋಂಬುಧಿಯನ್ನು ಅಚ್ಚು ಮಾಡಿಸಿದ 36 ವರ್ಷಗಳಲ್ಲಿ ಅದೇ ತೀರದಲ್ಲಿ ಅದರ ಒಂದು ಮುಖ್ಯ ನಿಯಮ ಸಡಿಲಿತು.

ಪಾರಸಿಯಲ್ಲಿ ಇದಕ್ಕೆ ಸಮನಾದ ಕೆಲಸ ಮಾಡಿದವನು ನೀಮಾ ಯೂಶಿಜ್. ತೆಹರಾನಿನ ಸೇಂಟ್ ಲೂಯಿ ಶಾಲೆಯಲ್ಲಿ ಫ್ರೆಂಚ್ ಕಲಿತ ಈ ಹಳ್ಳಿಗ 1920ರ ದಶಕದ ಆರಂಭದಲ್ಲಿ ‘ಅಫ್ಸಾನೆ’ಯನ್ನು ಪ್ರಕಟಿಸಿದನು. ಮುಂದೆ ಹಳೆಯ ಅರೂಜ್ ಛಂದಸ್ಸಿನ ಗಣಗಳನ್ನು ಇಟ್ಟುಕೊಂಡೇ ಪಾದಗಳನ್ನು ಭಾವಕ್ಕೆ ತಕ್ಕಂತೆ ಗಿಡ್ಡ ಉದ್ದ ಮಾಡುವ ದಾರಿಯನ್ನು ತೋರಿಸಿದನು. ಅರಬ್ಬಿಯಲ್ಲಿ 1947ರಲ್ಲಿ ಇರಾಕಿನ ಕವಯಿತ್ರಿ ನಾಜಿಕ್ ಅಲ್ ಮಲಾಇಕಾ ಈಜಿಪ್ತಿನ ಕಾಲರಾ ಪಿಡುಗನ್ನು ಕುರಿತು ಬರೆದ ಕವನದಲ್ಲಿ ಇಂಥದೇ ಕ್ರಮವನ್ನು ಅನುಸರಿಸಿದಳು; ಅವಳ ನಾಡಿನವನೇ ಆದ ಬದ್ರ್ ಶಾಕಿರ್ ಅಲ್ ಸಯ್ಯಾಬನೂ ಅದೇ ಸಮಯದಲ್ಲಿ ಆ ದಾರಿ ಹಿಡಿದಿದ್ದನು. ಕವನವಿಡೀ ಒಂದೇ ಅಂತ್ಯಪ್ರಾಸ ಇರಬೇಕೆಂಬ ಅರಬ್ಬೀ ಕಟ್ಟಳೆ ನಮ್ಮ ದ್ವಿತೀಯಾಕ್ಷರ ಪ್ರಾಸದಷ್ಟೇ ಬಿಗಿಯಾದುದು. ಈ ಮೂವರೂ ಪಶ್ಚಿಮದ ಕಾವ್ಯವನ್ನು ಓದಿ ಧೈರ್ಯ ತಂದುಕೊಂಡವರು. ಮೂವರೂ ಬಿಟ್ಟುದು ಕಟ್ಟನ್ನು, ಲಯವನ್ನಲ್ಲ. ಪೈಗಳು ಇವರಲ್ಲಿ ಎಲ್ಲರಿಗಿಂತ ಮುಂಚೆ ಹೊರಟವರು ಎಂಬ ಹೆಮ್ಮೆ ಕನ್ನಡಿಗರಿಗಿದ್ದರೆ ತಪ್ಪಲ್ಲ.

ಪೈಗಳ ವಿದ್ಯಾವ್ಯಾಪ್ತಿಯೂ ದೊಡ್ಡದು. ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’, ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ ಬರೆದ ಅವರು ಈಜಿಪ್ತಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನದ ಚರ್ಚೆಯಲ್ಲಿಯೂ ತೊಡಗಿದ್ದರು. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಸ್ ಎಂಬ ವಿದ್ವಾಂಸ ಸೂಚಿಸಿದನು; ಕಥೆ ನಡೆಯುವ ತೀರ ಸಂತೆಕಟ್ಟೆಗೆ ಹತ್ತಿರದ ಮಲ್ಪೆಯೇ ಎಂದು ಸಾಲೆತೊರೆಯವರು ವಾದಿಸಿದರು. ವಾದ ಇತ್ಯರ್ಥವಾಗಿಲ್ಲ. ಆದರೂ ಪ್ರಭಾವವೆಂಬುದು ಯಾವಾಗಲೂ ಒಂದೇ ದಿಕ್ಕಿನಿಂದ ಬೀಸುವ ಗಾಳಿಯೆಂದು ತಿಳಿಯುವವರು ಇದನ್ನು ನೆನಪಿನಲ್ಲಿಡಬಹುದು.

ಇಂಗ್ಲಿಷಿನ ಪ್ರಾಸರಹಿತ ಪದ್ಯ ಕನ್ನಡಕ್ಕೆ ಬಂದಾಗ ಅದಕ್ಕೆ ಕುಳಿತುಕೊಳ್ಳಲು ಮಣೆ ಕೊಟ್ಟುದು ಯಾವುದು? ರಗಳೆ. ಹಂಪೆಯ ಹರಿಹರನು ಶಿವಶರಣರ ಚರಿತೆಗಳನ್ನು ಹೇಳಲು ಚಂಪುವಿನ ರಾಜಮಾರ್ಗವನ್ನು ಬಿಟ್ಟು ಬೆಳೆಸಿದ ಆ ರಗಳೆಯೇ ಪ್ರಾಸ ಕಳಚಿ ಸರಳರಗಳೆಯಾಯಿತು. 1926ರಲ್ಲಿ ಪುಸ್ತಕವಾಗಿ ಬಂದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ತಂದ ಉತ್ಸಾಹ ದೊಡ್ಡದೇ. ಆದರೆ ಆ ಬೀಜ ಬಿದ್ದ ನೆಲವನ್ನು ಉತ್ತವರು ಹದಿಮೂರನೆಯ ಶತಮಾನದ ವೀರಶೈವ ಕವಿಗಳು. ಈ ಋಣವನ್ನು ಸಾಹಿತ್ಯಚರಿತ್ರೆಗಳು ಒಪ್ಪಿಕೊಂಡಿವೆ, ತರಗತಿಗಳಲ್ಲಿ ಮಾತ್ರ ಅದು ಅಷ್ಟಾಗಿ ಕೇಳಿಬರುವುದಿಲ್ಲ.

ಈಗ ವಚನದ ಪ್ರಶ್ನೆ. 1911ರಲ್ಲಿ ಪೈಗಳು ಪ್ರಾಸವನ್ನು ಬಿಟ್ಟಾಗ ವಚನಗಳಲ್ಲಿ ಬಹುಪಾಲು ಇನ್ನೂ ಓಲೆಗಟ್ಟುಗಳಲ್ಲಿಯೇ, ಮಠಗಳ ಮತ್ತು ಮನೆಗಳ ಜಂತಿಯ ಮೇಲೆಯೇ ಇದ್ದವು. ಆದಕಾರಣ ಕರಾವಳಿಯ ಛಂದೋವಿಮೋಚನೆಗೆ ವಚನವೇ ಪ್ರೇರಣೆಯೆಂಬ ಮಾತು ನಿಲ್ಲುವುದಿಲ್ಲ. ವಿಜಾಪುರದ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಕೂಡಿಸಿದ ವಚನಗಳು ‘ವಚನಶಾಸ್ತ್ರಸಾರ’ವಾಗಿ ಬಂದುದು 1923ರಲ್ಲಿ. ಅದರ ಹಸ್ತಪ್ರತಿ ಮೊದಲು ಮಂಗಳೂರಿನ ಮಿಶನ್ ಮುದ್ರಣಾಲಯಕ್ಕೆ ಹೋಗಿ, ಅಲ್ಲಿಂದ ಹಿಂದಿರುಗಿ, ಕೊನೆಗೆ ಬೆಳಗಾವಿಯಲ್ಲಿ ಅಚ್ಚಾಯಿತೆಂಬ ಕಥೆ ಶರಣಸಾಹಿತ್ಯದ ಬಳಗದಲ್ಲಿ ಪ್ರಚಲಿತವಾಗಿದೆ. ಬಸವಪುರಾಣವನ್ನು ಅಚ್ಚು ಹಾಕಿದ ಊರಿನಿಂದ ಬಸವಣ್ಣನವರ ವಚನಗಳು ಹಿಂದಕ್ಕೆ ಬಂದುವೆಂಬ ಆ ಕಥೆಯಲ್ಲಿ ಜನರು ಕಂಡುಕೊಂಡ ಅರ್ಥವಿದೆ: ಪುರಾಣದಿಂದ ಯಾರಿಗೂ ಅಂಜಿಕೆಯಿಲ್ಲ, ವಚನದಿಂದ ಇದೆ. ಮರುಮುದ್ರಣಕ್ಕಿಂತ ಹೆಚ್ಚಿನ ಕೆಲಸಕ್ಕಾಗಿ ಹಳಕಟ್ಟಿಯವರು ತಾವೇ ಅಚ್ಚುಕೂಟ ಹೂಡಿ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು.

ಅವರು ತಮ್ಮ ಗ್ರಂಥಕ್ಕಿಟ್ಟ ಹೆಸರನ್ನು ಗಮನಿಸಬೇಕು. ವಚನಕಾವ್ಯಸಾರವಲ್ಲ, ವಚನಶಾಸ್ತ್ರಸಾರ. ಎಂ. ಆರ್. ಶ್ರೀನಿವಾಸಮೂರ್ತಿಗಳು ತಮ್ಮ ಗ್ರಂಥವನ್ನು ‘ವಚನಧರ್ಮಸಾರ’ವೆಂದು ಕರೆದರು. ವಚನ ಮೊದಲು ಶಾಸ್ತ್ರ, ಧರ್ಮ, ಆಮೇಲೆ ಸಾಹಿತ್ಯ. ಆದರೆ ಭಾವಗೀತೆಯ ಯುಗದಲ್ಲಿ ಬೆಳೆದ ಓದುಗರು ಅದನ್ನು ತಿರುಗುಮುರುಗು ಮಾಡಿದರು. ಇಂಗ್ಲಿಷ್ ರೊಮ್ಯಾಂಟಿಕ್ ಕವಿಗಳಿಂದ ಕಲಿತ ಒಂದು ಎಣಿಕೆ, ಅಂದರೆ ಕವಿತೆಯೆಂದರೆ ಒಬ್ಬ ವ್ಯಕ್ತಿಯ ಏಕಾಂತ ಹೃದಯದ ಉದ್ಗಾರವೆಂಬುದು, ವಚನಕ್ಕೂ ಅನ್ವಯವಾಯಿತು. ಅಕ್ಕಮಹಾದೇವಿಯ ವಚನಗಳು ಆ ಎಣಿಕೆಗೆ ಚೆನ್ನಾಗಿ ಒಗ್ಗಿದವು, ಆದ್ದರಿಂದ ಅವು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಬಂದವು. ಚೆನ್ನಬಸವಣ್ಣನವರ ತತ್ತ್ವಪ್ರಧಾನ ವಚನಗಳು ಒಗ್ಗಲಿಲ್ಲ. ಅವು ಹಿಂದೆ ಉಳಿದವು. ಇಂಥ ಆಯ್ಕೆಯಿಂದ ಆದ ನಷ್ಟ ಸಣ್ಣದಲ್ಲ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ವಚನಗಳಲ್ಲಿ ಒಂದೊಂದರ ಅರ್ಥವೂ ಅದರ ಸ್ಥಲವನ್ನು ಆಶ್ರಯಿಸಿದೆ. ಶೂನ್ಯಸಂಪಾದನೆಯಲ್ಲಂತೂ ಪ್ರತಿ ವಚನವೂ ಒಂದು ಪ್ರಶ್ನೆಗೆ ಉತ್ತರ, ಒಂದು ಉತ್ತರಕ್ಕೆ ಮರುಪ್ರಶ್ನೆ. ಅದನ್ನು ಕಿತ್ತು ಬಿಡಿಹೂವಾಗಿ ಇಟ್ಟರೆ ಸಂಭಾಷಣೆ ಹೋಗಿ ಸ್ವಗತ ಉಳಿಯುತ್ತದೆ. ‘ಪ್ರಾಕ್ಕಾವ್ಯಮಾಲಿಕೆ’ಯಿಂದ ಬಂದ ಆಯ್ಕೆಯ ಕ್ರಮ ವಚನಕ್ಕೆ ಮಾಡಿದುದು ಇದನ್ನು.

ಸಾಲುಗಳ ವಿಷಯವೂ ಹೀಗೆಯೇ. ಓಲೆಗರಿಯಲ್ಲಿ ವಚನವನ್ನು ಸಾಲು ಮುರಿಯದೆ ಒಂದೇ ಹರಿವಿನಲ್ಲಿ ಬರೆಯುತ್ತಿದ್ದರು. ಅಚ್ಚಿನ ಪುಟದಲ್ಲಿ ಅದನ್ನು ಪಾದಪಾದವಾಗಿ ಮುರಿದು ನಿಲ್ಲಿಸುವುದು ನಮ್ಮ ಕಾಲದ ಸಂಪಾದಕರ ತೀರ್ಮಾನ. ಆ ಮುರಿದ ಸಾಲುಗಳನ್ನು ತೋರಿಸಿ, ನೋಡಿ ಇದು ಮುಕ್ತಛಂದಸ್ಸು ಎನ್ನುವುದು ನಾವೇ ತೊಡಿಸಿದ ಅಂಗಿಯನ್ನು ಹುಟ್ಟಿನ ಚರ್ಮವೆಂದು ವಾದಿಸಿದಂತೆ.

ಅಡಿಗರ ಕಾವ್ಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1954ರ ‘ಚಂಡೆಮದ್ದಳೆ’, 1959ರ ‘ಭೂಮಿಗೀತ’ ಇವುಗಳಲ್ಲಿ ಎಲಿಯಟ್ ಕವಿಯ ಪ್ರಭಾವವಿರುವುದನ್ನು ಯಾರೂ ಮುಚ್ಚಿಟ್ಟಿಲ್ಲ. ಬಾಗ್ದಾದಿನಲ್ಲಿ ಇಂಗ್ಲಿಷ್ ಓದಿದ ಸಯ್ಯಾಬನ ಮಳೆಯ ಹಾಡಿನ ಸಂಕಲನ 1960ರಲ್ಲಿ ಬಂದಿತು. ಬಂಜರು ನೆಲ, ಮಳೆಯ ಹಂಬಲ, ಪುರಾಣದ ಪ್ರತಿಮೆ, ನಾಡಿನ ರಾಜಕೀಯದ ಮೇಲಿನ ಸಿಟ್ಟು ಇವು ಇಬ್ಬರಲ್ಲಿಯೂ ಇವೆ. ಒಬ್ಬರು ಇನ್ನೊಬ್ಬರಿಂದ ಕಲಿತುದಲ್ಲ; ಇಬ್ಬರೂ ಒಂದೇ ಬಾವಿಯಿಂದ ಸೇದಿದವರು. ಆದರೆ ಅಡಿಗರ ಸಾಲಿನ ಬಡಿತ ಲಂಡನ್ನಿನದಲ್ಲ. ಆ ಸಂಕಲನದ ಹೆಸರೇ ಹೇಳುವಂತೆ ಅದರ ಹಿಂದೆ ಬಡಗು ತೀರದ ಯಕ್ಷಗಾನದ ಚಂಡೆಯಿದೆ. ವಚನದ ನಡೆ ಅಲ್ಲಿ ಹೆಚ್ಚಾಗಿ ಇಲ್ಲ. ವಚನದ ನಡೆಯನ್ನು ತಿಳಿದೂ ತಿಳಿದೂ ಹಿಡಿದವರು ಬೇರೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಎಸ್. ವಿ. ರಂಗಣ್ಣನವರು ವಚನದ ಧಾಟಿಯಲ್ಲಿ ಬರೆದ ‘ರಂಗಬಿನ್ನಪ’ಕ್ಕೆ 1965ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದು ನವ್ಯವೆಂದು ಯಾರೂ ಹೇಳಲಿಲ್ಲ.

ಅರಬ್ಬಿಯಲ್ಲಿ ಈ ಚರ್ಚೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಿರಿಯಾದ ಕವಿ ಅದೂನಿಸ್ ಫ್ರೆಂಚಿನಿಂದ ಹೆಸರನ್ನೂ ಲಕ್ಷಣವನ್ನೂ ತಂದು 1960ರಲ್ಲಿ ಗದ್ಯಕವಿತೆಯನ್ನು ಪ್ರತಿಪಾದಿಸಿದನು. ಮುಂದೆ ಅದೇ ಅದೂನಿಸ್ ಹತ್ತನೆಯ ಶತಮಾನದ ಸೂಫಿ ನಿಫ್ಫರಿಯ ಕಡೆಗೆ ತಿರುಗಿದನು. ನಿಫ್ಫರಿಯ ‘ಮವಾಕಿಫ್’ ಎಂಬ ಗ್ರಂಥವನ್ನು ಇಂಗ್ಲಿಷ್ ವಿದ್ವಾಂಸ ಆರ್ಬೆರಿ 1935ರಲ್ಲಿ ಪ್ರಕಟಿಸಿದ್ದನು. ಆ ಶಬ್ದಕ್ಕೆ ನಿಲುವುಗಳು, ನಿಲ್ಲುವ ಎಡೆಗಳು ಎಂದು ಅರ್ಥ. ಷಟ್‌ಸ್ಥಲವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1968ರಲ್ಲಿ ಅದೂನಿಸ್ ತನ್ನ ಪತ್ರಿಕೆಗೆ ಅದೇ ಹೆಸರನ್ನಿಟ್ಟನು. ಫ್ರೆಂಚ್ ಕವಿಗಳನ್ನು ಓದಿದ ಮೇಲೆಯೇ ತನಗೆ ತನ್ನ ಹಳೆಯ ಅರಬ್ಬೀ ಕವಿಗಳು ಅರ್ಥವಾದರೆಂದು ಅವನು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ. ನಮ್ಮಲ್ಲಿ ಅಷ್ಟು ನೇರವಾಗಿ ಒಪ್ಪಿಕೊಂಡವರು ಕಡಮೆ. ಆದರೆ ಅಲ್ಲಿಯೂ ಒಂದು ತೊಡಕಿದೆ. ಸೂಫಿಯ ಮಾತನ್ನು ಕವಿತೆಯೆಂದು ಮಾತ್ರ ಓದುವವನು ಅವನು ನಿಂತ ಎಡೆಯನ್ನು ಬಿಟ್ಟು ಅವನ ದನಿಯನ್ನಷ್ಟೇ ಕೊಂಡೊಯ್ಯುತ್ತಾನೆ. ವಚನದ ವಿಷಯದಲ್ಲಿ ಭಕ್ತರಿಗಿರುವ ಆತಂಕವೂ ಇದೇ. ಅದನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ವಿದ್ಯಾವಂತರಿಗೆ ಶೋಭಿಸದು.

ಇದಕ್ಕೆ ಹತ್ತಿರದ ನಿದರ್ಶನ ಅನುವಾದಗಳಲ್ಲಿಯೇ ಇದೆ. 1967ರಲ್ಲಿ ಸಿರಿಗೆರೆಯ ಅಣ್ಣನ ಬಳಗವು ಮೆನೆಜಿಸ್ ಮತ್ತು ಅಂಗಡಿಯವರ ಇಂಗ್ಲಿಷಿನಲ್ಲಿ ಬಸವಣ್ಣನವರ ವಚನಗಳನ್ನು ಹೊರತಂದಿತು. ಅದರಲ್ಲಿ ಕೂಡಲಸಂಗಮನೆಂಬ ಅಂಕಿತ ಹೆಸರಾಗಿಯೇ ಉಳಿದಿದೆ. 1973ರಲ್ಲಿ ಎ. ಕೆ. ರಾಮಾನುಜನ್ನರು ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ಆಯ್ದ ವಚನಗಳನ್ನು ಇಂಗ್ಲಿಷಿನ ಹೊಸ ಕವಿತೆಯ ಮಾದರಿಯಲ್ಲಿ, ಚಿಕ್ಕ ಚಿಕ್ಕ ಸಾಲುಗಳಲ್ಲಿ ಕೊಟ್ಟರು. ಜಗತ್ತು ವಚನವನ್ನು ಅರಿತುದು ಹೆಚ್ಚಾಗಿ ಆ ಪುಸ್ತಕದಿಂದ. ಅದರ ಸೊಗಸಿಗೆ ತಲೆದೂಗದವರಿಲ್ಲ. ಅದರಲ್ಲಿ ಅವರು ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳನ್ನು ಹೆಸರಾಗಿ ಇಡದೆ ಅವುಗಳ ಅರ್ಥವನ್ನು ಇಂಗ್ಲಿಷಿಗೆ ತಿರುಗಿಸಿದರು. ನದಿಗಳು ಕೂಡುವ ಎಡೆಯ ಚಿತ್ರ ಅದರಿಂದ ಓದುಗನ ಕಣ್ಣಿಗೆ ಕಟ್ಟುತ್ತದೆ. ಆದರೆ ಕೂಡಲಸಂಗಮದೇವ ಎಂಬುದು ಬಸವಣ್ಣನವರಿಗೆ ಚಿತ್ರವಾಗಿರಲಿಲ್ಲ. ಕರೆದರೆ ಓಗೊಡುವವನ ಹೆಸರಾಗಿತ್ತು. 1993ರಲ್ಲಿ ಸಮಗ್ರ ವಚನಸಾಹಿತ್ಯ ಹದಿನೈದು ಸಂಪುಟಗಳಲ್ಲಿ ಬಂದ ಮೇಲೆ ಮೂಲವನ್ನು ಹುಡುಕಿ ಅಲೆಯಬೇಕಾದ ಕಷ್ಟವಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಒಂದೇ ವಚನವನ್ನು ಆ ಸಂಪುಟದಲ್ಲಿಯೂ ಈ ಎರಡು ಅನುವಾದಗಳಲ್ಲಿಯೂ ಗಟ್ಟಿಯಾಗಿ ಓದಿ, ಅಂಕಿತ ಬಂದ ಎಡೆಯಲ್ಲಿ ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಲಿ.